ಕೆಂಪು ಅಂದರೆ ಆನ್, ಹಸಿರು ಅಂದರೆ ಆಫ್: ನಿಮ್ಮ ಕಂಪನಿಗೆ ಐದನೇ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಟಿಕೆಟ್ ನಂಬರ್ ಸಿಕ್ಕಿದವು, ಬೇರೇನೂ ಇಲ್ಲ. ಅದಕ್ಕೇ ಈ ಕಾಗದ.

ಲೈನಿಗೆ ಕರೆಂಟ್ ಬಿಡುವ, ಕಡಿಯುವ ಬ್ರೇಕರ್ ಆನ್ ಇದ್ದರೆ ಕೆಂಪು ದೀಪ, ಆಫ್ ಆದರೆ ಹಸಿರು. ಪ್ಯಾನೆಲ್ ಮಾರುವ ನಿಮಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಆದರೆ ಹೋದ ತಿಂಗಳ ಅಪ್‌ಡೇಟ್ ಆದಮೇಲೆ ನಮ್ಮ ಕಂಟ್ರೋಲ್ ರೂಮಿನ ಸ್ಕ್ರೀನಿನಲ್ಲಿ ಆನ್ ಇದ್ದದ್ದೆಲ್ಲ ಹಸಿರು! ಮೂವತ್ತು ಕಿಲೋಮೀಟರ್ ಆಚೆ, ಸಬ್‌ಸ್ಟೇಷನ್ನಿನ ಹಳೇ ಪ್ಯಾನೆಲ್ಲಿನಲ್ಲಿ ಅದೇ ಬ್ರೇಕರ್ ಕೆಂಪು. ಅಲ್ಲಿನ ಆಪರೇಟರಿಗೆ ನನ್ನ ಸ್ಕ್ರೀನ್ ಕಾಣಲ್ಲ, ನನಗೆ ಅವರ ಪ್ಯಾನೆಲ್ ಕಾಣಲ್ಲ. ಇರುವುದು ಫೋನಿನ ಮಾತೊಂದೇ. "ಫೀಡರ್ ಹಸಿರಾಯ್ತು ಸಾರ್" ಅಂತ ಅವರು ಅಂದಾಗ, ಆ ಫೀಡರಿನ 11 ಕೆ.ವಿ. ಲೈನಿಗೆ ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದೆ, ಕೆಲಸ ಮಾಡಬಹುದು ಅನ್ನುವ ಅನುಮತಿ) ಕೇಳಿದ ಲೈನ್‌ಮನ್ ಕಂಬದ ಬುಡದಲ್ಲಿ ನಿಂತಿರುತ್ತಾರೆ. ನಾನು ಸ್ಕ್ರೀನಿನಲ್ಲಿ ಹಾಕಿದ ಎಲ್.ಸಿ. ಟ್ಯಾಗ್, ಅಂದರೆ ಆನ್ ಮಾಡಬೇಡಿ ಅನ್ನುವ ಗುರುತು, ಬ್ಯಾಕಪ್ ಕಂಟ್ರೋಲ್ ರೂಮಿನವರಿಗೂ ಕಾಣುವುದಿಲ್ಲ, ಅದು ಇನ್ನೊಂದು ಟಿಕೆಟ್.

ಮಂಗಳವಾರ ರಾತ್ರಿ 11:40ಕ್ಕೆ ನಿಮ್ಮ ಹುಡುಗನ ಜೊತೆ ಮಾತಾಡಿದೆ. ಸ್ಪೀಕರ್ ಆನ್ ಇತ್ತು, ಪಕ್ಕದಲ್ಲಿ ಇಬ್ಬರು ಟ್ರೈನಿಗಳಿದ್ದರು.

"ಮಾನಿಟರ್ ಆಫ್ ಮಾಡಿ ಆನ್ ಮಾಡಿ ಸರ್." ಮಾಡಿದೆ.
"ಈಗ ಯಾವ ಬಣ್ಣ?"
"ಹಸಿರು."
"ಹಾಗಾದ್ರೆ ಎಲ್ಲಾ ಓಕೆ ಸರ್."
"ಹಸಿರು ಅಂದರೆ ನಮ್ಮಲ್ಲಿ ಆಫ್ ಕಣಪ್ಪಾ."
ಆರು ನಿಮಿಷ ಹೋಲ್ಡ್. ವೀಣೆ ಚೆನ್ನಾಗಿತ್ತು.
"ಸರ್, ನಿಮಗೆ ವಯಸ್ಸೆಷ್ಟು?"
"ಐವತ್ತಾರು."
"ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ ಸರ್."

ಟ್ರೈನಿಗಳಿಬ್ಬರೂ ಫ್ಯಾನ್ ನೋಡತೊಡಗಿದರು. ಬುಧವಾರ ಕಣ್ಣು ತೋರಿಸಿಕೊಂಡೆ, ಸರಿಯಾಗಿದೆ. ರಿಪೋರ್ಟ್ ಲಗತ್ತಿಸಿದ್ದೇನೆ. ನಿಮ್ಮ ಹುಡುಗನಿಗೆ ನೆಮ್ಮದಿಯಾಗಲಿ.

ಟ್ರೈನಿಂಗ್ ದಿನ ನೀವೇ ಹೇಳಿದ ಕಥೆ ನೆನಪಿದೆ ಅಲ್ವಾ? 2003ರ ಆಗಸ್ಟ್ 14, ಅಮೆರಿಕದ ಓಹಾಯೊ. ಅಲಾರಂ ಸಾಫ್ಟ್‌ವೇರ್ ಕೆಟ್ಟಿದ್ದು ಆಪರೇಟರುಗಳಿಗೆ ಗೊತ್ತಾಗಲಿಲ್ಲ. ಪಕ್ಕದ ಕಂಪನಿಯವರು ಫೋನ್ ಮಾಡಿ ಲೈನ್ ಟ್ರಿಪ್ ಆಗಿದೆ ಅಂದರೂ, ಇವರ ಸ್ಕ್ರೀನಿನಲ್ಲಿ ಏನೂ ಇರಲಿಲ್ಲ. ಸಂಜೆ ಹೊತ್ತಿಗೆ ಸುಮಾರು 5 ಕೋಟಿ ಜನಕ್ಕೆ ಕರೆಂಟ್ ಇಲ್ಲ. ಆ ಸ್ಲೈಡ್ ತೋರಿಸಿಯೇ ಈ ಸಿಸ್ಟಂ ನಮಗೆ ಮಾರಿದಿರಿ.

ನಾಳೆಯಿಂದ ನಿಮ್ಮ ಸ್ಕ್ರೀನ್ ನಂಬಿ ಒಂದೂ ಎಲ್.ಸಿ. ಕೊಡುವುದಿಲ್ಲ. ಮಂಗಳವಾರದ ಮಾತುಕತೆ ಲಾಗ್ ಬುಕ್ಕಿನಲ್ಲಿ ಅಕ್ಷರ ಬಿಡದೆ ಇದೆ, ಅದರ ಪ್ರತಿ ವಿದ್ಯುತ್ ಪರಿವೀಕ್ಷಕರಿಗೆ ಹೋಗುತ್ತಿದೆ. ನಿಮ್ಮ ಮೇಂಟೆನೆನ್ಸ್ ಬಿಲ್ ನನ್ನ ಟೇಬಲ್ಲಿಗೇ ಬರಬೇಕು. ಅದರ ಮೇಲೆ ಹಸಿರು ಇಂಕಿನಲ್ಲೇ ಬರೆಯುತ್ತೇನೆ. ಹಸಿರು ಅಂದರೆ ಏನು ಅಂತ ಮೇಲೆ ಹೇಳಿದ್ದೇನೆ.

ಇತಿ,
ಶಿಫ್ಟ್ ಇನ್‌ಚಾರ್ಜ್