ತಂತಿ ಬಿಟ್ಟರೆ ಬೈಪ್ಲೇನ್ ನಿಲ್ಲುವುದು ಯಾವುದರ ಮೇಲೆ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ನನಗೆ ತುಂಬಾ ಖುಷಿಯಾಯಿತು. ನಮ್ಮ ಅಂಗಡಿಯ ಹುಡುಗರಿಗೂ ಓದಿ ಹೇಳಿದೆ. ಆದರೆ ಅದರಲ್ಲಿ ಹೊಸಬರಿಗೆ ಕೊಟ್ಟ ಒಂದು ಸಲಹೆಯನ್ನು ಒಪ್ಪಲು ಆಗಲಿಲ್ಲ. ಬೈಪ್ಲೇನ್, ಅಂದರೆ ಒಂದರ ಮೇಲೊಂದು ಎರಡು ರೆಕ್ಕೆಯ ಹಳೆಯ ವಿಮಾನ ಮಾಡುವಾಗ ರೆಕ್ಕೆಗಳ ನಡುವಿನ ತಂತಿಗಳನ್ನು ಬಿಟ್ಟುಬಿಡಿ, ಅವು ಬರೀ ಅಲಂಕಾರ, ದೂರದಿಂದ ನೋಡುವವರಿಗೆ ಕಾಣುವುದೂ ಇಲ್ಲ ಎಂದು ಬರೆದಿದ್ದರು. ಹುಬ್ಬಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವವನು ನಾನು. ದಿನವಿಡೀ ತಂತಿಯ ಜೊತೆಗೇ ಕೆಲಸ. ರಾತ್ರಿ ಊಟ ಆದಮೇಲೆ ಕೂತು ಮಾಡುವುದೂ ಇಂಥ ಬೈಪ್ಲೇನ್‌ಗಳನ್ನೇ. ಅದಕ್ಕೇ ಈ ಪತ್ರ.

ತಂತಿ ಅಲಂಕಾರ ಅಲ್ಲ. ವಿಮಾನದ ಭಾರ ಹೊರುವುದೇ ಅದು. ಆಗಿನ ರೆಕ್ಕೆ ಅಂದರೆ ತೆಳುವಾದ ಮರದ ಚೌಕಟ್ಟು, ಮೇಲೆ ಬಟ್ಟೆ. ಒಂದೇ ರೆಕ್ಕೆಯನ್ನು ಹಾಗೇ ಚಾಚಿ ಬಿಟ್ಟರೆ ಗಾಳಿಯ ಒತ್ತಡಕ್ಕೆ ಮುರಿಯುತ್ತಿತ್ತು. ಅಮೆರಿಕದ ಆಕ್ಟೇವ್ ಶನೂಟ್ ಮೂಲತಃ ರೈಲ್ವೆ ಎಂಜಿನಿಯರ್, ಸೇತುವೆ ಕಟ್ಟಿದವರು. ಕಬ್ಬಿಣದ ಸೇತುವೆಯಲ್ಲಿ ಕಾಣುವ ಕಂಬ ಮತ್ತು ಓರೆ ಪಟ್ಟಿಯ ಜೋಡಣೆಯನ್ನೇ ಅವರು 1896ರ ತಮ್ಮ ಗ್ಲೈಡರ್‌ಗೆ ತಂದರು. ಮೇಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ, ನಡುವೆ ಕಂಬ, ಓರೆಯಾಗಿ ತಂತಿ. ರೈಟ್ ಸಹೋದರರು ಹಿಡಿದದ್ದೂ ಅದೇ ದಾರಿ. 1903ರಲ್ಲಿ ಹಾರಿದ ಅವರ ವಿಮಾನ ಕೂಡ ತಂತಿ ಬಿಗಿದ ಬೈಪ್ಲೇನೇ.

ತಂತಿ ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಎರಡು ಬಗೆಯ ತಂತಿ ಬೇಕು. ವಿಮಾನದ ಹೊಟ್ಟೆಯ ಹತ್ತಿರದಿಂದ ಹೊರಟು ಹೊರಗಿನ ಕಂಬದ ತಲೆಗೆ ಹೋಗುವುದು ಫ್ಲೈಯಿಂಗ್ ವೈರ್. ಹಾರುವಾಗ ರೆಕ್ಕೆ ಮೇಲಕ್ಕೆ ಏಳಲು ನೋಡುತ್ತದೆ, ಅದನ್ನು ಹಿಡಿದಿಡುವುದು ಇದು. ಮೇಲಿನ ರೆಕ್ಕೆಯ ಮಧ್ಯಭಾಗದಿಂದ ಹೊರಗಿನ ಕಂಬದ ಬುಡಕ್ಕೆ ಇಳಿಯುವುದು ಲ್ಯಾಂಡಿಂಗ್ ವೈರ್. ವಿಮಾನ ನೆಲದ ಮೇಲೆ ನಿಂತಾಗ ರೆಕ್ಕೆಯ ತೂಕ ಇದರ ಮೇಲೆ. ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ನಡುವೆ ಅಡ್ಡಡ್ಡ ಹೋಗುವ ಜೋಡಿ ತಂತಿ ರೆಕ್ಕೆಯ ಕೋನ ಬದಲಾಗದಂತೆ ನೋಡಿಕೊಳ್ಳುತ್ತದೆ. ಇಷ್ಟನ್ನು ಕೈಯಾರೆ ಕಟ್ಟಿದ ಮಗುವಿಗೆ ಬೈಪ್ಲೇನ್ ಯಾಕೆ ಹಾಗಿತ್ತು ಅನ್ನುವುದು ಪಾಠ ಇಲ್ಲದೇ ಅರ್ಥವಾಗುತ್ತದೆ. ಬಿಟ್ಟುಬಿಡಿ ಎಂದು ಹೇಳಿದರೆ ಅದಕ್ಕೆ ಸಿಗುವುದು ಎರಡು ಹಲಗೆ, ನಾಲ್ಕು ಕಡ್ಡಿ. ಅಷ್ಟೇ ಅಲ್ವಾ?

ನನ್ನ ಮೇಜಿನ ಮೇಲೆ ಈಗ ಇರುವುದು ಟೈಗರ್ ಮಾತ್. ಡಿ ಹ್ಯಾವಿಲ್ಯಾಂಡ್ ಕಂಪನಿಯ ಈ ತರಬೇತಿ ವಿಮಾನ ಮೊದಲು ಹಾರಿದ್ದು 1931ರಲ್ಲಿ. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಾಟ ಕಲಿತದ್ದು ಇದರಲ್ಲೇ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 8.94 ಮೀಟರ್. 1:72 ಅಳತೆಯಲ್ಲಿ ಅದು 12.4 ಸೆಂಟಿಮೀಟರ್, ಅಂಗೈ ಮೇಲೆ ಕೂರುತ್ತದೆ. ಇದರ ರೆಕ್ಕೆಗಳು ಹಿಂದಕ್ಕೆ ಓರೆಯಾಗಿವೆ. ಅದಕ್ಕೂ ಕಾರಣ ಇದೆ. ಮುಂದಿನ ಸೀಟು ಮೇಲಿನ ರೆಕ್ಕೆಯ ಅಡಿಯಲ್ಲಿದ್ದರೆ ಅಲ್ಲಿ ಕೂತವರು ಪ್ಯಾರಾಶೂಟ್ ಕಟ್ಟಿಕೊಂಡು ಹೊರಗೆ ಹಾರುವುದು ಕಷ್ಟ. ಅದಕ್ಕೆ ಮೇಲಿನ ರೆಕ್ಕೆಯ ಮಧ್ಯಭಾಗವನ್ನು ಮುಂದಕ್ಕೆ ಸರಿಸಿದರು. ಹಾಗೆ ಸರಿಸಿದ ಮೇಲೆ ವಿಮಾನದ ಸಮತೋಲ ತಪ್ಪಬಾರದಲ್ಲ, ರೆಕ್ಕೆಯ ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ಇದು ಗೊತ್ತಿಲ್ಲದವರು ಮೇಲಿನ ರೆಕ್ಕೆಯನ್ನು ಕಣ್ಣಂದಾಜಿನಲ್ಲಿ ನೆಟ್ಟಗೆ ಕೂರಿಸಿಬಿಡುತ್ತಾರೆ. ಆಮೇಲೆ ತಂತಿ ಯಾವುದೂ ತನ್ನ ಜಾಗಕ್ಕೆ ಹೋಗುವುದಿಲ್ಲ. ಗಟ್ಟಿ ರಟ್ಟಿನಲ್ಲಿ ಒಂದು ತೊಟ್ಟಿಲು ಕತ್ತರಿಸಿಕೊಂಡು, ರೆಕ್ಕೆಗಳನ್ನು ಅದರಲ್ಲಿ ಇಟ್ಟು ಅಂಟು ಒಣಗಲು ಬಿಡಬೇಕು.

ಈಗ ತಂತಿಯ ವಿಷಯ. ಹೊಸಬರು ಹೆದರುವುದು ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹೊಲಿಗೆ ನೂಲು ಬೇಡ. ಅದರ ಮೈಮೇಲೆ ಜುಂಗು ಇರುತ್ತದೆ, ಬಣ್ಣ ಹಚ್ಚಿದರೆ ಇನ್ನೂ ಎದ್ದು ಕಾಣುತ್ತದೆ. ದಪ್ಪವೂ ಹೆಚ್ಚು. ಸೀಲಿಂಗ್ ಫ್ಯಾನ್‌ಗೆ ನಾವು ಸುತ್ತುವ 36 ಗೇಜ್ ತಾಮ್ರದ ತಂತಿ ಕೂಡ ಇಲ್ಲಿಗೆ ದಪ್ಪವೇ. ಅದು 0.19 ಮಿಲಿಮೀಟರ್. ನಿಜವಾದ ವಿಮಾನದಲ್ಲಿ ಅದು ಎಷ್ಟು ದಪ್ಪ ಎಂದು ತಿಳಿಯಲು 72ರಿಂದ ಗುಣಿಸಿದರೆ ಹೆಚ್ಚುಕಡಿಮೆ 14 ಮಿಲಿಮೀಟರ್, ಅಂದರೆ ಕಬ್ಬಿಣದ ಸರಳು. 42 ಗೇಜ್ ಆದರೆ 0.1 ಮಿಲಿಮೀಟರ್. ಗುಣಿಸಿದಾಗ 7 ಮಿಲಿಮೀಟರ್ ಚಿಲ್ಲರೆ ಬರುತ್ತದೆ, ಕಣ್ಣಿಗೆ ಸರಿಯಾಗಿ ಒಪ್ಪುತ್ತದೆ. ಇದು ಸಣ್ಣ ಟ್ರಾನ್ಸ್‌ಫಾರ್ಮರ್, ರಿಲೇ ಕಾಯಿಲ್‌ಗಳಲ್ಲಿ ಸಿಗುತ್ತದೆ. ಯಾವ ಊರಿನ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿದರೂ ನಾಲ್ಕು ಮಾರು ಸುಮ್ನೆ ಕೊಡುತ್ತಾರೆ. ಕೊಡದಿದ್ದರೆ ನಮ್ಮ ಅಂಗಡಿಗೆ ಬನ್ನಿ.

ರೀಲಿನಿಂದ ಬಿಚ್ಚಿದ ತಂತಿ ಸುರುಳಿ ಸುರುಳಿ ಇರುತ್ತದೆ. ಒಂದು ಅಡಿ ಕತ್ತರಿಸಿ, ಒಂದು ತುದಿಯನ್ನು ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದನ್ನು ಪ್ಲೈಯರ್‌ನಲ್ಲಿ ಹಿಡಿದು ನಿಧಾನಕ್ಕೆ ಎಳೆಯಿರಿ. ಒಂದು ಹಂತದಲ್ಲಿ ತಂತಿ ಕೈಗೆ ಚೂರು ಸೋತಂತೆ ಆಗುತ್ತದೆ. ಅಲ್ಲೇ ನಿಲ್ಲಿಸಬೇಕು. ಬಿಟ್ಟಾಗ ಅದು ಗೆರೆ ಎಳೆದ ಹಾಗೆ ನೆಟ್ಟಗಿರುತ್ತದೆ, ಮೊದಲಿಗಿಂತ ಬಿರುಸಾಗಿಯೂ ಇರುತ್ತದೆ. ಇದಕ್ಕೆ ಮಸುಕು ಬೂದು ಬಣ್ಣ ಹಚ್ಚಿ ಒಣಗಿಸಿ. ಹೊಳೆಯುವ ಬೆಳ್ಳಿ ಬಣ್ಣ ಬೇಡ, ಇಷ್ಟು ಸಣ್ಣ ಅಳತೆಯಲ್ಲಿ ಅದು ತಂತಿಯನ್ನು ದಪ್ಪ ಮಾಡಿ ತೋರಿಸುತ್ತದೆ. ಆಮೇಲೆ ಬೆರಳು ತಾಗಿಸದೆ ಚಿಮಟದಲ್ಲೇ ಹಿಡಿಯಬೇಕು. ಡಿವೈಡರ್‌ನ ಎರಡು ಮುಳ್ಳಿನಿಂದ ಜಾಗ ಅಳೆದು, ಗಾಜಿನ ಮೇಲೆ ಹೊಸ ಬ್ಲೇಡಿನಿಂದ ಕತ್ತರಿಸಿ. ಎರಡೂ ತುದಿಗೆ ಬಿಳಿ ಅಂಟಿನ ಚುಕ್ಕೆ ಮುಟ್ಟಿಸಿ ಜಾಗಕ್ಕೆ ಇಟ್ಟರೆ ಆಯಿತು. ಬಿಳಿ ಅಂಟು ಒಣಗಿದ ಮೇಲೆ ಕಾಣುವುದಿಲ್ಲ. ಓರೆಯಾಯಿತು ಅನ್ನಿಸಿದರೆ ಒದ್ದೆ ಕುಂಚದಿಂದ ಒರೆಸಿ ಮತ್ತೆ ಇಡಬಹುದು. ಫೆವಿಕ್ವಿಕ್ ಬಗೆಯ ಅಂಟು ಇಲ್ಲಿ ಹಾಕಿದರೆ ಸುತ್ತಲಿನ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ.

ಎಳೆದು ಬಿಗಿಯುವುದೇ ಇಷ್ಟ ಅನ್ನುವವರಿಗೆ ನೈಲಾನ್ ದಾರಿ ಇದೆ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಪಾರದರ್ಶಕ ನೈಲಾನ್ ನೂಲು ಸಿಗುತ್ತದೆ. ರೆಕ್ಕೆ ಜೋಡಿಸುವ ಮೊದಲೇ 0.3 ಮಿಲಿಮೀಟರ್ ಬಿಟ್‌ನಿಂದ ತೂತು ಕೊರೆದುಕೊಂಡಿರಬೇಕು. ನೂಲನ್ನು ತೂರಿಸಿ, ತುದಿಗೆ ಸಣ್ಣ ಕ್ಲಿಪ್ ನೇತುಹಾಕಿ, ಅಂಟು ಹಾಕಿ. ಎಡಕ್ಕೊಂದು ಎಳೆ ಕಟ್ಟಿದರೆ ಮುಂದಿನದು ಬಲಕ್ಕೆ, ಪೆಂಡಾಲಿನ ಹಗ್ಗ ಬಿಗಿದ ಹಾಗೆ. ಇಲ್ಲದಿದ್ದರೆ ರೆಕ್ಕೆ ಒಂದು ಕಡೆಗೆ ವಾಲುತ್ತದೆ. ಎಲ್ಲಾದರೂ ಸಡಿಲ ಉಳಿದರೆ ಹೊತ್ತಿಸಿದ ಊದುಬತ್ತಿಯ ಕೆಂಡವನ್ನು ನೂಲಿನಿಂದ ಸ್ವಲ್ಪ ದೂರ ಹಿಡಿದು ಉದ್ದಕ್ಕೂ ಸರಿಸಿ. ಬಿಸಿಗೆ ನೈಲಾನ್ ಕುಗ್ಗಿ ಕಣ್ಣೆದುರೇ ಬಿಗಿಯಾಗುತ್ತದೆ. ತಾಗಿಸಿದರೆ ಮಾತ್ರ ಕಡಿದುಹೋಗುತ್ತದೆ. ಮಕ್ಕಳು ಮಾಡುವಾಗ ದೊಡ್ಡವರು ಪಕ್ಕದಲ್ಲಿ ಇರಲೇಬೇಕು.

ಯಾವ ದಾರಿ ಹಿಡಿದರೂ ಒಳಗಿನ ತಂತಿ ಮೊದಲು, ಹೊರಗಿನದು ಆಮೇಲೆ. ಮಧ್ಯದ ಕಂಬಗಳಿಂದ ಶುರು ಮಾಡಿ ರೆಕ್ಕೆಯ ತುದಿಯ ಕಡೆಗೆ ಹೋದರೆ ಕೈ ತಾಗಿ ಕೆಡುವುದಿಲ್ಲ.

ಲೇಖನದಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು: ತಂತಿ ಅಷ್ಟು ಮುಖ್ಯವಾಗಿದ್ದರೆ ಈಗಿನ ವಿಮಾನಕ್ಕೆ ಯಾಕಿಲ್ಲ? ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ವಿಮಾನ 1951ರಲ್ಲಿ ಮೊದಲ ಸಲ ಹಾರಿತು. ವಾಯುಪಡೆಯಲ್ಲಿ ಟೈಗರ್ ಮಾತ್‌ನ ಜಾಗಕ್ಕೆ ಬಂದದ್ದು ಅದೇ. ಅದಕ್ಕೆ ಒಂದೇ ಜೊತೆ ಲೋಹದ ರೆಕ್ಕೆ. ಭಾರ ಹೊರುವ ತೊಲೆ ರೆಕ್ಕೆಯ ಒಳಗೇ ಅಡಗಿದೆ, ಹೊರಗೆ ತಂತಿ ಬೇಕಿಲ್ಲ. ತಂತಿ ಗಾಳಿಯನ್ನು ತಡೆದು ವೇಗ ತಿನ್ನುತ್ತದೆ, ಹಾಗಾಗಿ ಎಂಜಿನ್‌ಗಳ ಶಕ್ತಿ ಹೆಚ್ಚಿ, ಲೋಹದ ರೆಕ್ಕೆ ಮಾಡುವುದು ಗೊತ್ತಾದ ಮೇಲೆ ಬೈಪ್ಲೇನ್‌ಗಳ ಕಾಲ ಮುಗಿಯಿತು. ಆದರೆ ಅದೇ ತಂತಿಗಳು ಗಾಳಿಯಲ್ಲಿ ಸುಯ್ ಎನ್ನುತ್ತಿದ್ದವು. ಎಂಜಿನ್ ತಗ್ಗಿಸಿ ಇಳಿಯುವಾಗ ಆ ದನಿ ಕೇಳಿಯೇ ಪೈಲಟ್‌ಗಳು ವೇಗ ಅಂದಾಜು ಮಾಡುತ್ತಿದ್ದರು. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ತಂತಿ ಕಟ್ಟಿದ ಟೈಗರ್ ಮಾತ್ ಮತ್ತು ಎಚ್‌ಟಿ-2 ಎರಡನ್ನೂ ಅಕ್ಕಪಕ್ಕ ಇಡಬೇಕೆಂಬುದು ನನ್ನ ಆಸೆ. ಎಚ್‌ಟಿ-2ಗೆ ಕಿಟ್ ಸಿಗದಿದ್ದರೆ ಬಾಲ್ಸಾ ಮರದಲ್ಲಿ ಕೆತ್ತಬಹುದು.

ನಿಮ್ಮಲ್ಲಿ ಎರಡು ಕೋರಿಕೆ. ಮುಂದಿನ ಸಲ ಈ ವಿಷಯ ಬರೆಸುವಾಗ ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂದು ತೋರಿಸುವ ಒಂದು ರೇಖಾಚಿತ್ರ ಕನ್ನಡದಲ್ಲೇ ಹಾಕಿ. ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ. ಎರಡನೆಯದು ಓದುಗರಿಗೆ. ಮುಂದೆ ನಾನು ಕಟ್ಟಬೇಕೆಂದಿರುವುದು ವೆಸ್ಟ್‌ಲ್ಯಾಂಡ್ ವಾಪಿಟಿ ಎಂಬ ಬೈಪ್ಲೇನ್. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾದಾಗ ಇದ್ದದ್ದು ಇಂಥ ನಾಲ್ಕೇ ವಿಮಾನ. ಅದಕ್ಕೆ ಒಂದೊಂದು ಬದಿಗೂ ಎರಡು ಜೊತೆ ಕಂಬ, ತಂತಿಯೂ ಆ ಲೆಕ್ಕಕ್ಕೆ ಜಾಸ್ತಿ. ಒಂದು ವಾಪಿಟಿ ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿದೆ. ಅಲ್ಲಿಗೆ ಹೋಗಿ ಫೋಟೊ ತೆಗೆದವರು ಅಥವಾ ಮನೆಯಲ್ಲಿ ಹಿರಿಯರು ಇಟ್ಟ ಹಳೆಯ ಫೋಟೊ ಇರುವವರು ದಯವಿಟ್ಟು ಪತ್ರಿಕೆಗೆ ತಿಳಿಸಿ. ಒಳಗಿನ ಜೋಡಿ ಕಂಬಗಳ ಬುಡದಲ್ಲಿ ತಂತಿ ಸೇರುವ ಜಾಗ ಸ್ಪಷ್ಟವಾಗಿ ಕಾಣಬೇಕು, ಅಷ್ಟಾದರೆ ಸಾಕು.

ಇಂತಿ ನಿಮ್ಮ ಓದುಗ,
ಮೋಟಾರ್ ರಿವೈಂಡಿಂಗ್ ಕೆಲಸಗಾರ, ಹುಬ್ಬಳ್ಳಿ