ಹಳೆಯ ಜನನ-ಮರಣ ದಾಖಲೆ ಯಾವ ಕಚೇರಿಯಲ್ಲಿದೆ? ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ವಂದನೆಗಳು.

ಕಾಸರಗೋಡು ಪೇಟೆಯಲ್ಲೂ ಅದಕ್ಕೆ ತಾಗಿ ಬೆಳೆದಿರುವ ಮಧೂರು, ಚೆಂಗಳ, ಮೊಗ್ರಾಲ್ ಪುತ್ತೂರು ಪಂಚಾಯತುಗಳಲ್ಲೂ ಪೋಕುವರವಿಗೆಂದು (ಭೂದಾಖಲೆಯಲ್ಲಿ ಹಕ್ಕುದಾರರ ಹೆಸರು ಬದಲಾಯಿಸಲೆಂದು) ಅಜ್ಜನ ಮರಣ ದಾಖಲೆ ಹುಡುಕಿ ಹೊರಟವರಿಗೆ, ಅದು ಯಾವ ಕಚೇರಿಯ ಕಪಾಟಿನಲ್ಲಿದೆಯೆಂದು ಖಚಿತವಾಗಿ ಹೇಳುವವರು ಸಿಗುವುದಿಲ್ಲ.

ಇದಕ್ಕೆ ಸಿಬ್ಬಂದಿಯನ್ನಷ್ಟೇ ದೂರಿ ಫಲವಿಲ್ಲ. ಮದರಾಸಿನ 1899ರ ಜನನ-ಮರಣ ನೋಂದಣಿ ಕಾಯಿದೆಯ ಕಾಲದಲ್ಲಿ ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಹಳ್ಳಿಗಳಲ್ಲಿ ಪಟೇಲರೇ ಪುಸ್ತಕ ಬರೆಯುತ್ತಿದ್ದರು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿ, ಮರುವರ್ಷ ಕಣ್ಣೂರು ಜಿಲ್ಲೆಗೆ ಒಳಪಟ್ಟು, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಈ ನಡುವೆ 1966ರಲ್ಲಿ ಪೇಟೆಗೆ ನಗರಸಭೆ ಬಂತು, 1970ರಲ್ಲಿ ಕೇಂದ್ರದ ನೋಂದಣಿ ಕಾಯಿದೆ ಇಲ್ಲಿ ಜಾರಿಗೊಂಡಿತು. ಹೀಗಾಗಿ ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕನ ಜನನ ಪಟೇಲರ ಪುಸ್ತಕದಲ್ಲಿದ್ದರೆ ತಮ್ಮನದು ನಗರಸಭೆಯಲ್ಲಿರಬಹುದು; ಮಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ತಂಗಿಯದನ್ನು, ನೋಂದಣಿ ನಡೆಯುವುದು ಹೆರಿಗೆಯಾದ ಸ್ಥಳದಲ್ಲಾದ್ದರಿಂದ, ಗಡಿಯಾಚೆಯೇ ಕೇಳಬೇಕು.

ಹಳೆಯ ಪುಸ್ತಕಗಳಲ್ಲಿ ಹುಡುಕುವುದೂ ಸುಲಭವಲ್ಲ. ಎಷ್ಟೋ ಕಡೆ ಮಗುವಿನ ಹೆಸರೇ ಇರುವುದಿಲ್ಲ. ತಾರೀಖು, ಗಂಡೋ ಹೆಣ್ಣೋ ಎಂಬುದು, ತಂದೆಯ ಹೆಸರು, ಅಷ್ಟೇ. ಮಾಸಿದ ಶಾಯಿಯ ಕೂಡಕ್ಷರದ ಕನ್ನಡವನ್ನು ಓದಬಲ್ಲವರು ಕಚೇರಿಗಳಲ್ಲಿ ವಿರಳವಾಗುತ್ತಿದ್ದಾರೆ. ಓದಲು ಬಾರದೆ, ಅಥವಾ ಬೇರೆ ಕಚೇರಿಯಲ್ಲಿ ಹುಡುಕದೆ, ‘ದಾಖಲೆ ಲಭ್ಯವಿಲ್ಲ’ ಎಂದು ಬರೆದುಕೊಟ್ಟರೆ ಅರ್ಜಿದಾರರು ವಿಳಂಬ ನೋಂದಣಿಗೆ ಹೋಗಬೇಕಾಗುತ್ತದೆ. ಕೇಂದ್ರದ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯ ಬಳಿಕ, ಒಂದು ವರ್ಷ ಮೀರಿದ ಪ್ರಕರಣಗಳಲ್ಲಿ ಆದೇಶ ನೀಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ತಮಗೆ, ಅಥವಾ ತಾವು ಅಧಿಕಾರ ಕೊಟ್ಟವರಿಗೆ ಬಂದಿದೆ. ಮೂಲ ದಾಖಲೆ ಒಂದೆಡೆ ಇದ್ದಂತೆಯೇ ಇನ್ನೊಂದೆಡೆ ಎರಡನೆಯದು ಹುಟ್ಟಿ, ತಾರೀಖುಗಳು ತಾಳೆಯಾಗದಿದ್ದರೆ ಆಸ್ತಿಯ ಪಾಲಿನ ಹೊತ್ತಿಗೆ ಏನಾದೀತೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಯಾವ ಗ್ರಾಮದ, ಯಾವ ವರ್ಷದ ಪುಸ್ತಕ ಈಗ ಎಲ್ಲಿದೆ ಎಂಬ ಪಟ್ಟಿಯನ್ನು ಕನ್ನಡ ಮತ್ತು ಮಲಯಾಳದಲ್ಲಿ ಸಿದ್ಧಪಡಿಸಿ, ವಿದ್ಯಾನಗರದ ತಮ್ಮ ಕಚೇರಿಯಲ್ಲೂ ಎಲ್ಲ ತಾಲೂಕು, ಪಂಚಾಯತು, ನಗರಸಭೆ ಕಚೇರಿಗಳಲ್ಲೂ ಪ್ರಕಟಿಸಬೇಕೆಂದು ಕೋರುತ್ತೇನೆ. ಕಳೆದುಹೋದ ಅಥವಾ ಗೆದ್ದಲು ಹಿಡಿದ ಪುಸ್ತಕಗಳಿದ್ದರೆ ಅದನ್ನೂ ಪಟ್ಟಿಯಲ್ಲಿ ಮುಚ್ಚುಮರೆಯಿಲ್ಲದೆ ನಮೂದಿಸಲಿ. ಪಟ್ಟಿಯ ಪ್ರಕಾರ ಎಲ್ಲೆಲ್ಲಿ ಹುಡುಕಲಾಯಿತು ಎಂಬುದನ್ನು ಕಾಣಿಸದ ‘ಲಭ್ಯವಿಲ್ಲ’ ಪತ್ರವನ್ನು ವಿಳಂಬ ನೋಂದಣಿಗೆ ಆಧಾರವಾಗಿ ಸ್ವೀಕರಿಸಬಾರದೆಂಬ ಸೂಚನೆಯೂ ತಮ್ಮಿಂದ ಹೊರಡಲಿ.

ತಮ್ಮ ವಿಶ್ವಾಸಿ,
ಕಾಸರಗೋಡಿನ ಒಬ್ಬ ಕನ್ನಡಿಗ