ಓದುವುದು ಹೇಗೆ ಅಂತಲೂ ಹೇಳಿಕೊಡಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಟ್ಟಡ ಬೇಕು, ಹುದ್ದೆ ತುಂಬಿ ಅಂತ ನಿಮಗೆ ಬರೆಯುವವರು ಬಹಳ ಜನ. ನಾನು ಕೇಳುವುದಕ್ಕೆ ದುಡ್ಡು ಜಾಸ್ತಿ ಬೇಡ. ನಮ್ಮ ಮಕ್ಕಳಿಗೆ ಓದುವುದು ಹೇಗೆ ಅಂತ ಹೇಳಿಕೊಡುವ ವ್ಯವಸ್ಥೆ ಮಾಡಿ.

ಸೆಮಿಸ್ಟರ್ ಪರೀಕ್ಷೆ ಹತ್ತಿರವಾದಾಗ ನಮ್ಮ ಲೈಬ್ರರಿಗೆ ಬನ್ನಿ. ಜೆರಾಕ್ಸ್ ನೋಟ್ಸಿನ ತುಂಬ ಹಳದಿ ಹೈಲೈಟರ್ ಗೆರೆ. ಅದನ್ನೇ ಮತ್ತೆ ಮತ್ತೆ ಓದುತ್ತಿರುತ್ತಾರೆ. ಪುಸ್ತಕ ಮುಚ್ಚಿಸಿ, ‘ಈ ಪುಟದಲ್ಲಿ ಏನಿತ್ತು ಹೇಳಮ್ಮ’ ಅಂದರೆ ಎರಡು ವಾಕ್ಯಕ್ಕೇ ಮಾತು ನಿಲ್ಲುತ್ತದೆ. ‘ಓದುವಾಗ ಎಲ್ಲ ಗೊತ್ತಿತ್ತು ಮೇಡಂ’ ಅನ್ನುತ್ತಾರೆ. ಅದು ಸುಳ್ಳಲ್ಲ. ಕಣ್ಣಿಗೆ ಪರಿಚಯವಾದದ್ದನ್ನೆಲ್ಲ ಕಲಿತಾಯ್ತು ಅಂತ ನಂಬಿರುತ್ತಾರೆ, ಅಷ್ಟೇ.

ನಮ್ಮ ಹುಡುಗರು ಮಾತ್ರ ಹೀಗೆ ಅಂತಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 177 ವಿದ್ಯಾರ್ಥಿಗಳನ್ನು ಕೇಳಿದ ಸಮೀಕ್ಷೆಯೊಂದು 2009ರಲ್ಲಿ ಪ್ರಕಟವಾಯಿತು. ಶೇ. 84ರಷ್ಟು ಮಂದಿ ಓದಿದ್ದನ್ನೇ ಮತ್ತೆ ಓದುತ್ತೇವೆ ಅಂದರು. ನೆನಪು ಮಾಡಿಕೊಂಡು ಅಭ್ಯಾಸ ಮಾಡುತ್ತೇವೆ ಅಂದವರು ಶೇ. 11 ಮಾತ್ರ. ಅದಕ್ಕೂ ಮೊದಲು, 2006ರಲ್ಲಿ, ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದ್ದರು. ಒಂದು ಗುಂಪು ಪಾಠವನ್ನು ನಾಲ್ಕು ಅವಧಿಯೂ ಓದಿತು. ಇನ್ನೊಂದು ಒಂದು ಅವಧಿ ಓದಿ, ಮೂರು ಸಲ ನೋಡದೆ ಬರೆಯಿತು. ಐದು ನಿಮಿಷದ ನಂತರ ಓದಿದವರದೇ ಮೇಲುಗೈ. ಒಂದು ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇ. 40, ಬರೆದವರಿಗೆ ಶೇ. 61. ಆದರೂ ನಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಜಾಸ್ತಿ ಇದ್ದದ್ದು ಬರೀ ಓದಿದವರಿಗೆ! ಹಾಗಾಗಿ ತಪ್ಪು ದಾರಿ ತಪ್ಪು ಅಂತ ಮಕ್ಕಳಿಗೆ ತಾವಾಗೇ ಹೊಳೆಯುವುದಿಲ್ಲ. ಯಾರಾದರೂ ಹೇಳಬೇಕು, ಅಲ್ವಾ?

ಹೊಸನಗರ, ತೀರ್ಥಹಳ್ಳಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರಿಗೆ ಕೂತು ಓದಲು ಸಿಗುವ ಹೊತ್ತೇ ಕಡಿಮೆ. ಮಳೆಗಾಲದಲ್ಲಿ ಕರೆಂಟೂ ಕೈಕೊಡುತ್ತದೆ. ಆದರೆ ನಿನ್ನೆಯ ಪಾಠವನ್ನು ನೋಡದೆ ನೆನಪಿನಿಂದ ಬಸ್ಸಿನಲ್ಲಿ ಪಕ್ಕದ ಗೆಳತಿಗೆ ಹೇಳುವುದಕ್ಕೆ ಲೈಟೂ ಬೇಡ, ನೆಟ್‌ವರ್ಕೂ ಬೇಡ. ಅದನ್ನೇ ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ ಹೇಳಿದರೆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡುವುದು ತಪ್ಪುತ್ತದೆ.

ಹೀಗೆ ಓದುವುದನ್ನು ಹೇಳಿಕೊಡಲು ಮೊದಲ ಸೆಮಿಸ್ಟರಿನಲ್ಲೇ ನಾಲ್ಕು ತರಗತಿ ಇಡಿಸಿ. ಪ್ರತಿ ವಿಷಯದಲ್ಲೂ ವಾರಕ್ಕೊಂದು ಹತ್ತು ನಿಮಿಷದ ಕಿರುಪರೀಕ್ಷೆ ಇರಲಿ. ದಯವಿಟ್ಟು ಅದಕ್ಕೆ ಅಂಕ ಸೇರಿಸಬೇಡಿ. ಅಂಕ ಬಂತೆಂದರೆ ಅದೂ ಇನ್ನೊಂದು ಇಂಟರ್ನಲ್ಸ್ ಆಗಿ, ಕಾಪಿ ಹೊಡೆಯುವುದು ಶುರುವಾಗುತ್ತದೆ. ಅಧ್ಯಾಪಕರಾದ ನಮಗೂ ಒಂದು ದಿನದ ತರಬೇತಿ ಕೊಡಿಸಿ. ಕುವೆಂಪು ವಿಶ್ವವಿದ್ಯಾಲಯದ ಕಾಲೇಜುಗಳಿಂದಲೇ, ಬರುವ ಸೆಮಿಸ್ಟರಿಗೇ ಶುರು ಮಾಡಬಹುದು.

ಇತಿ ನಿಮ್ಮ ವಿಶ್ವಾಸಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಅಧ್ಯಾಪಕಿ